ತೊಳೆಯಬಾರದ ಬಾಟಲಿ

ಆ ಬಾವಿಯ ನೀರಿನಲ್ಲಿ ಕೀಟನಾಶಕ ಮಿತಿ ಮೀರಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬ ಅನುಮಾನವೂ ಇದೆ. ಎಲ್ಲ ಮತ್ತೆ ನೆನಪಾದದ್ದು ಒಂದು ಬಾಟಲಿಯಿಂದ. ಎರಡು ತಿಂಗಳ ಹಿಂದೆ ಜೇನುತುಪ್ಪ ಹಾಕಿಡಲೆಂದು ರವಿವಾರ ಪೇಟೆಯಲ್ಲಿ ಕಂದು ಗಾಜಿನ ಬಾಟಲಿಯೊಂದನ್ನು ಕೊಂಡೆ. ಪೀರನವಾಡಿಯ ಮನೆಗೆ ಬಂದು ಅದನ್ನು ನಳದ ಕೆಳಗೆ ಹಿಡಿದೆ, ಕೈ ಅಲ್ಲೇ ನಿಂತಿತು. ಬೆನ್ನ ಹಿಂದೆ ಯಾರೋ "ತೊಳೀಬ್ಯಾಡ ತಮ್ಮಾ" ಅಂದಂತಾಯಿತು...

ಹತ್ತು ವರ್ಷಗಳಿಗೂ ಹಿಂದೆ ನಾನು ಬೆಳಗಾವಿಯಲ್ಲಿ ಸರಕಾರಿ ನೀರು ಪರೀಕ್ಷೆಯ ಸಣ್ಣ ಪ್ರಯೋಗಾಲಯವೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಎಂ.ಎಸ್ಸಿ. ಮುಗಿಸಿ ಬಂದವನಿಗೆ ಅಲ್ಲಿ ಕಲಿಯುವುದೇನೂ ಇಲ್ಲ ಅನ್ನಿಸಿತ್ತು. ಅಲ್ಲಿಯ ಹಿರಿಯ ವಿಶ್ಲೇಷಕಿಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಶಿವಬಸವ ನಗರದಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು, ಹಣೆಯಲ್ಲಿ ತೆಳ್ಳಗೆ ವಿಭೂತಿ, ಚೀಲದಲ್ಲಿ ಯಾವಾಗಲೂ ನಾಲ್ಕೈದು ಪೆನ್ಸಿಲು. ಮಾದರಿ ಬಾಟಲಿಯ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು ಎಂಬುದು ಅವರ ಕಟ್ಟುನಿಟ್ಟು. ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದೆವು, ಅದರ ನೀರು ತಾಗಿದರೆ ಪೆನ್ನಿನ ಅಕ್ಷರ ಕರಗಿ ಹೋಗುತ್ತದೆ.

ಅಂಗಡಿಗಳಲ್ಲಿ ಮಾರುವ ಕೀಟನಾಶಕವನ್ನು ಕೃಷಿ ಇಲಾಖೆಯವರು ನೋಡಿಕೊಳ್ಳುತ್ತಿದ್ದರು. ಪರವಾನಗಿ ಇದೆಯೇ, ಅವಧಿ ಮುಗಿದಿದೆಯೇ ಎಂದು ತಪಾಸಣೆ ಮಾಡುತ್ತಿದ್ದರು, ಡಬ್ಬಿಗಳ ಮಾದರಿ ತೆಗೆದು ಮೊಹರು ಹಾಕುತ್ತಿದ್ದರು. ಅದೇ ಔಷಧ ಗದ್ದೆ ದಾಟಿ ಕುಡಿಯುವ ನೀರಿಗೆ ಬಂತೆಂದರೆ ನಮ್ಮ ಪಾಲಿಗೆ.

ಖಾನಾಪುರದಿಂದಾಚೆ ಒಂದು ಊರಿನ ಪಂಚಾಯಿತಿಯಿಂದ ದೂರು ಬಂತು. ಬಾವಿಯ ನೀರು ವಾಸನೆ ಹೊಡೆಯುತ್ತಿದೆ ಎಂದು. ನಾನೊಬ್ಬನೇ ಹೋಗಿ ಮಾದರಿ ತಂದೆ. ನಮ್ಮಲ್ಲಿ ಹೊಸದಾಗಿ ಬಂದಿದ್ದ ಯಂತ್ರದಲ್ಲಿ ಹಾಕಿ ನೋಡಿದರೆ ಕೀಟನಾಶಕ ಮಿತಿಗಿಂತ ಸ್ವಲ್ಪವೇ ಹೆಚ್ಚಿತ್ತು. ಹುರುಪಿನಲ್ಲಿ ಪಂಚಾಯಿತಿಗೆ ಫೋನು ಮಾಡಿ, ನೀರು ಕುಡಿಯಬೇಡಿ ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಯಾರೋ ಬಾವಿಯ ಬಾಜು ಔಷಧ ಹೊಡೆಯುವ ಪಂಪು ತೊಳೆದಿರಬೇಕು ಎಂದೂ ಸೇರಿಸಿದೆ.

ಸಂಜೆ ವರದಿಗೆ ಸಹಿ ಹಾಕುವ ಮುಂಚೆ ಅಕ್ಕಾರು ಕೇಳಿದರು, "ಬಾಟ್ಲಿ ಹೆಂಗ ತುಂಬಿದಿ?"

"ಮೂರ ಸಲ ಬಾವಿ ನೀರಿಲೇ ತೊಳದು ತುಂಬೀನ್ರಿ."

ಅವರು ಪೆನ್ನು ಕೆಳಗಿಟ್ಟರು. ಬೇರೆ ಪರೀಕ್ಷೆಗಳ ಬಾಟಲಿಯನ್ನು ಹಾಗೇ ತೊಳೆಯಬೇಕು, ಕೈಗೆ ಅದೇ ರೂಢಿ. ಕೀಟನಾಶಕದ ಕಂದು ಬಾಟಲಿ ಮಾತ್ರ ಪ್ರಯೋಗಾಲಯದಲ್ಲೇ ತೊಳೆದು ಒಣಗಿಸಿದ್ದು. ಅದರೊಳಗೆ ಒಂದೇ ಸಲ ನೀರು ಬೀಳಬೇಕು. ಔಷಧ ಗಾಜಿಗೆ ಅಂಟುತ್ತದೆ. ಬಾವಿಯ ನೀರಿನಿಂದ ತೊಳೆದಷ್ಟೂ ಅಂಟು ಕೂಡಿಕೊಂಡು ಅಂಕಿ ಮೇಲೇರಬಹುದು.

"ಎಂ.ಎಸ್ಸಿ. ಸಾಹೇಬ್ರಿಗೆ ಬಾಟ್ಲಿ ತೊಳಿಯೂದು ಕಲಿಸ್ಯಾರ, ತೊಳೀದ ಇರೂದು ಕಲಿಸಿಲ್ಲ ನೋಡ" ಎಂದರು. ನಗಲಿಲ್ಲ.

"ಭಾಳ ಫರಕ್ ಆಗೂದಿಲ್ರಿ ಅಕ್ಕಾರ" ಎಂದು ವಾದಿಸಿದೆ.

"ಎಷ್ಟ ಆಗತೈತಿ, ಹೇಳು?"

"ಗೊತ್ತಿಲ್ರಿ."

"ಗೊತ್ತಿಲ್ಲದ್ದಕ್ಕ ನಾ ಹೆಂಗ ಸಹಿ ಮಾಡ್ಲಿ? ಕುಡೀಬ್ಯಾಡ್ರಿ ಅಂದಿ, ಛಲೋ ಆತು. ಯಾರೋ ಪಂಪ್ ತೊಳದಾರ ಅಂದ್ಯಲ್ಲಾ, ಅದನ್ನ ನಿನಗ ಯಾವ ಮಶೀನ್ ಹೇಳ್ತು?"

ತೊಳೆದದ್ದನ್ನು ನಾನಾಗಿ ಒಪ್ಪಿಕೊಂಡೆ ಎಂದು ಬಹಳ ಕಾಲ ಗೆಳೆಯರಿಗೆ ಹೇಳಿಕೊಂಡು ಬಂದೆ. ಈಗ ಬರೆಯಲು ಕೂತರೆ ಹಾಗನ್ನಿಸುವುದಿಲ್ಲ. ಕೇಳಿದ್ದು ಅವರೇ ಇರಬೇಕು...

ಮರುದಿನ ಮಳೆ. ಇನ್ನೆರಡು ದಿನ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋದೆವು. ಊರು ಮುಟ್ಟಿದಾಗ ಪಂಚಾಯಿತಿ ಕಳಿಸಿದ ಟ್ಯಾಂಕರ್ ನಿಂತಿತ್ತು, ಕೊಡಗಳ ಪಾಳಿ ಹಚ್ಚಿದ್ದರು. ಪಾಳಿಯಿಂದಾಚೆ, ಖಾಲಿ ಕೊಡದ ಪಕ್ಕ ಒಬ್ಬ ಮುದುಕ ಕುಂತಿದ್ದ. ಬಾವಿಗೆ ಹತ್ತಿದ ಗದ್ದೆ ಅವನದು. ನನ್ನ ಫೋನು ಬಂದ ಮೇಲೆ ಊರವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

"ಬಾವಿ ಕೆಡಿಸಿದಾವಂಗ ಟ್ಯಾಂಕರ್ ನೀರ ಯಾಕ್ರಿ? ಅವನ ಎಣ್ಣಿ ಅವನ ಕುಡೀಲಿ" ಎಂದು ಪಾಳಿಯಲ್ಲಿದ್ದ ಹೆಂಗಸೊಬ್ಬಳು ನಮಗೆ ಕೇಳುವಂತೆಯೇ ಅಂದಳು. ಅಲ್ಲಿ ಗದ್ದೆಗೆ ಹೊಡೆಯುವ ಔಷಧಕ್ಕೆ ಎಣ್ಣಿ ಎನ್ನುತ್ತಾರೆ.

ಮುದುಕನ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಅಕ್ಕಾರನ್ನು ಮರಾಠಿಯವರಂತೆ ಬಾಯಿ ಎಂದೇ ಕರೆದ. "ಖರೇ ಹೇಳ್ತೀನಿ ಬಾಯಿ, ಪಂಪ್ ನಾ ಗದ್ದ್ಯಾಗ ತೊಳದದ್ದು. ಸೊಸಿ ಬಸುರಿ ಅದಾಳ. ಹಳ್ಳದಿಂದ ನೀರ ಹೊರತಾಳ."

ಅಕ್ಕಾರು ಅವನ ಎದುರಿಗೆ ನೆಲದ ಮೇಲೇ ಕುಂತರು. "ಕಾಕಾ, ನೀವ ತೊಳದೀರಿ ಅಂತ ನಾವು ಹೇಳಾಕ ಬಂದಿಲ್ಲ. ತೊಳದಿಲ್ಲ ಅಂತನೂ ಹೇಳಾಕ ಬರೂದಿಲ್ಲ. ತಪ್ಪ ನಮ್ಮ ಕಡೇದ ಆಗೇತಿ. ಮತ್ತ ನೀರ ಒಯ್ಯಾಕ ಬಂದೀವಿ."

ಅಷ್ಟೇ. ಸಮಾಧಾನಕ್ಕೆಂದು ಒಂದು ಮಾತು ಹೆಚ್ಚು ಆಡಲಿಲ್ಲ. ಆವತ್ತು ಅದು ನನಗೆ ಕಲ್ಲೆದೆ ಅನ್ನಿಸಿತ್ತು. ಬಾಟಲಿ ತುಂಬಿದ್ದು ಅವರೇ, ಒಂದೇ ಸಲ. ತಿರುಗಿ ಬರುವಾಗ ಖಾನಾಪುರದ ಮೀನಿನವರ ಹತ್ತಿರ ಮಂಜುಗಡ್ಡೆ ತೆಗೆದುಕೊಂಡರು. ಅಲ್ಲಿ ಅದು ಬೇರೆಲ್ಲೂ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಬಾಜು ಕುಂತಾತ ಪೆಟ್ಟಿಗೆಯನ್ನೂ ಅವರ ವಿಭೂತಿಯನ್ನೂ ನೋಡಿ ನೋಡಿ, ತಡೆಯಲಾರದೆ, "ಯಾವ ಮೀನ್ರಿ ಅಕ್ಕಾರ?" ಅಂದ. "ಬಾವಿ ನೀರಪಾ. ಮುಳ್ಳ ಮಾತ್ರ ಭಾಳ ಅದಾವ" ಎಂದರು.

ಎರಡನೆಯ ಮಾದರಿ ಮಿತಿಯೊಳಗೆ ಬಂತು. ನಾನು ಹಗುರಾದೆ, ಮೊದಲನೆಯದು ತಪ್ಪೆಂದು ಸಾಬೀತಾಯಿತಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ನಡುವೆ ಮಳೆ ಬಿದ್ದಿತ್ತು, ಬಾವಿಗೆ ಹೊಸ ನೀರು ಬಂದಿತ್ತು. ಎರಡನೆಯದು ಅದನ್ನು ತೆಗೆದ ದಿನದ ಮಾತನ್ನಷ್ಟೇ ಹೇಳುತ್ತದೆ. ಎಲ್ಲವನ್ನೂ ಅನುಮಾನಿಸುವವನೆಂದು ಬೀಗುತ್ತಿದ್ದ ನನಗೆ ನನ್ನ ಅನುಕೂಲದ ಅಂಕಿಯನ್ನು ಅನುಮಾನಿಸಲು ಹೊಳೆದಿರಲಿಲ್ಲ.

ಮರುವರ್ಷ ನಾನು ಆ ಕೆಲಸ ಬಿಟ್ಟು ಕಾಲೇಜು ಸೇರಿದೆ. ಮುದುಕನ ಮನೆಗೆ ಬಾವಿ ಮತ್ತೆ ಸಿಕ್ಕಿತೇ ಎಂದು ವಿಚಾರಿಸಲಿಲ್ಲ, ನಾಚಿಕೆ ತಡೆಯಿತು. ಮುಂದೆ ಅಕ್ಕಾರನ್ನು ಪೇಟೆಯಲ್ಲಿ ಎರಡು ಮೂರು ಸಲ ಕಂಡೆ, ಆಗಲೂ ಕೇಳಲಿಲ್ಲ. ನನ್ನ ತಪ್ಪನ್ನು ಅವರು ಪ್ರಯೋಗಾಲಯದ ಗೋಡೆಯೊಳಗೇ ಉಳಿಸಿ ನನ್ನನ್ನು ಕಾಪಾಡಿದರು ಎಂದು ನಂಬಿಕೊಂಡಿದ್ದೆ. ಅವರ ದೊಡ್ಡತನವೆಂದು ನಾನು ಹೊಗಳುತ್ತಿದ್ದದ್ದೂ ಅದನ್ನೇ. ಅವರು ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ನನಗೆ ತಲುಪಿದ್ದೇ ತಡವಾಗಿ. ಮಣ್ಣಿಗೆ ಹೋಗಲಾಗಲಿಲ್ಲ...

ಹೋದ ವಾರ ಆ ಊರಿಗೆ ಹೋದೆ. ಪಂಚಾಯಿತಿಯ ಗುಮಾಸ್ತ ಹಳೆಯ ಫೈಲು ಹುಡುಕಿ ಕೊಟ್ಟ. ಕನ್ನಡದ ವರದಿಯ ಹಿಂದೆ ಅಕ್ಕಾರ ಕೈಬರಹದ ಒಂದು ಹಾಳೆ ಇತ್ತು, ಮರಾಠಿಯಲ್ಲಿ. ಮೊದಲ ಮಾದರಿಯ ಬಾಟಲಿಯನ್ನು ತೊಳೆಯಬಾರದಿತ್ತು, ತೊಳೆದವರು ನಮ್ಮ ಇಂಥವರು, ಆ ಅಂಕಿಯನ್ನು ಯಾರ ವಿರುದ್ಧವೂ ಸಾಕ್ಷಿಯಾಗಿ ಹಿಡಿಯಕೂಡದು ಎಂದು ಬರೆದಿದ್ದರು. ನನ್ನ ಹೆಸರು ಪೂರ್ತಿಯಾಗಿತ್ತು. ಕೆಳಗೆ, ಇದನ್ನು ಬಾವಿಯ ಹತ್ತಿರ ಎಲ್ಲರಿಗೂ ಓದಿ ಹೇಳಲಾಯಿತು, ಇನ್ನು ಯಾರ ಕೊಡವನ್ನೂ ತಡೆಯುವುದಿಲ್ಲ ಎಂಬ ಸಾಲು. ಅದರಡಿ ಊರವರ ಸಹಿ ಮತ್ತು ಹೆಬ್ಬೆಟ್ಟು. ಎರಡು ಸಲ ಎಣಿಸಿದೆ. ಹದಿನಾಲ್ಕು ಇದ್ದವು.