ಹಸಿರು ಎಲ್ಲಿ, ಮಣ್ಣು ಎಲ್ಲಿ

ಅವರ ಬೆರಳುಗಳು ಆಗಷ್ಟೇ ನೆಲದಿಂದ ಕಿತ್ತ ಶುಂಠಿಯ ಹಾಗಿದ್ದವು. ದಪ್ಪ, ಗಂಟುಗಂಟು, ಉಗುರಿನ ಸುತ್ತ ಬಿರುಕು. ಬಲಗೈ ಹೆಬ್ಬೆರಳಿನ ತುದಿ ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು. ಆ ಬೆರಳುಗಳಲ್ಲಿ ಸಣ್ಣದೊಂದು ಚಿಮಟ ಹಿಡಿದು, ಜೀರಿಗೆಯಷ್ಟಿದ್ದ ಪ್ಲಾಸ್ಟಿಕ್ ಚೂರನ್ನು ಎತ್ತಿ, ಉಸಿರು ಬಿಗಿಹಿಡಿದು ವಿಮಾನದ ಮೂತಿಗೆ ಅಂಟಿಸುತ್ತಿದ್ದರು. ಅಂಟು ಹಿಡಿಯುವವರೆಗೆ ಮಾತಿಲ್ಲ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, "ಕೂತ್ಕಂತು" ಅನ್ನುತ್ತಿದ್ದರು.

ಅವರು ನನ್ನ ಮನೆ ಓನರು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಕೆರೆಯಿಂದ ಎರಡು ರಸ್ತೆ ಆಚೆ, ಅವರದು ಮೂರು ಅಂತಸ್ತಿನ ಮನೆ. ಮೇಲೆಲ್ಲ ಬಾಡಿಗೆಯವರು, ಕೆಳಗೆ ಅವರೊಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಾಂಪೌಂಡಿನ ಆಚೆ ತಮ್ಮನ ಸಂಸಾರ. ಆ ಬೀದಿಯ ಅರ್ಧ ಮನೆಗಳು ನೆಂಟರವೇ, ಯಾಕೆಂದರೆ ಬೀದಿಯೇ ಒಂದು ಕಾಲಕ್ಕೆ ಅವರ ರಾಗಿ ಹೊಲ. ಗೇಟಿನ ಮುಂದೆ ಹಾದುಹೋಗುವವರೆಲ್ಲ ದೊಡ್ಡಪ್ಪ, ಮಾವ ಎಂದು ಕೂಗಿ ಮಾತಾಡಿಸಿಯೇ ಹೋಗುತ್ತಿದ್ದರು. ಒಳಗೆ ಬಂದು ಕೂರುವವರು ಮಾತ್ರ ಯಾರೂ ಇರಲಿಲ್ಲ. ತಮ್ಮನ ಮನೆಯಿಂದ ದಿನವೂ ಮಧ್ಯಾಹ್ನ ಮುದ್ದೆ, ಸಾರಿನ ಕ್ಯಾರಿಯರ್ ಬರುತ್ತಿತ್ತು. ತಂದವರು ಅದನ್ನು ಜಗುಲಿಯ ಮೇಲಿಟ್ಟು ಹೊರಡುತ್ತಿದ್ದರು.

ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಮನೆ ಹುಡುಕುತ್ತ ಅಲ್ಲಿಗೆ ಬರುವ ಹೊತ್ತಿಗೆ ಆರು ಕಡೆ ಇಲ್ಲ ಅನ್ನಿಸಿಕೊಂಡಿದ್ದೆ. ಒಂಟಿ ಹೆಂಗಸು ಎಂದ ಕೂಡಲೇ ಎಲ್ಲರೂ "ಮನೇಲಿ ಕೇಳಿ ಹೇಳ್ತೀವಿ" ಅನ್ನುವವರೇ. ಹಾಗಾಗಿ ಇವರು "ಯಜಮಾನ್ರು?" ಎಂದಾಗ "ದುಬೈನಲ್ಲಿದ್ದಾರೆ" ಎಂದುಬಿಟ್ಟೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಆಗ್ಲಿ ಮೇಡಮ್ಮಾರೆ, ನೀರಿನ ಮೋಟ್ರು ಬೆಳಿಗ್ಗೆ ಆರಕ್ಕೆ ಆಕ್ತೀನಿ" ಎಂದು ಬೀಗದ ಕೈ ಕೊಟ್ಟರು. ಮತ್ತೆ ಯಾವತ್ತೂ ಆ ವಿಷಯ ಎತ್ತಲಿಲ್ಲ.

ಅವರ ಮುಂದಿನ ಕೋಣೆಯಲ್ಲಿ ಗೋಡೆಯಷ್ಟುದ್ದದ ಗಾಜಿನ ಬೀರು ಇತ್ತು. ಬೇರೆಯವರು ಬೆಳ್ಳಿ ಪಾತ್ರೆ ಇಡುವ ಜಾಗದಲ್ಲಿ ಇವರು ಯುದ್ಧವಿಮಾನಗಳನ್ನು ಇಟ್ಟಿದ್ದರು. ಅಂಗೈಯಷ್ಟರಿಂದ ಮೊಳದುದ್ದದವರೆಗೆ, ಎಪ್ಪತ್ತಕ್ಕೂ ಹೆಚ್ಚು. ಚೂರುಚೂರಾಗಿ ಪೆಟ್ಟಿಗೆಯಲ್ಲಿ ಬರುವುದನ್ನು ಜೋಡಿಸಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸಿದ್ದು. ಬಾಡಿಗೆಯವರು ಅದನ್ನು ಆಟದ ಸಾಮಾನು ಅಂದುಕೊಂಡಿದ್ದರು. ಅವರು ಮಾತ್ರ ಒಂದೊಂದನ್ನೂ ದನದ ಜಾತ್ರೆಯಲ್ಲಿ ಎತ್ತು ತೋರಿಸುವವರಂತೆ ಪರಿಚಯಿಸುತ್ತಿದ್ದರು. "ಇದು ನ್ಯಾಟು. ಸಣ್ಣ ಕರು ಇದ್ದಂಗೈತೆ, ಆದ್ರೆ ಬಲೇ ಚುರುಕು. ಇದು ಹಂಟ್ರು, ಒಳ್ಳೆ ಮೈಕಟ್ಟು. ಇದು ಡಕೋಟ, ಬಾಣಂತಿ ಎಮ್ಮೆ. ನಿಧಾನ, ಆದ್ರೆ ಎಷ್ಟು ಬಾರ ಏರಿದ್ರೂ ಒರ್ತದೆ."

ಕೆಳಗಿನ ಸಾಲಿನಲ್ಲಿ ಹದಿನೈದಿಪ್ಪತ್ತು ವಿಮಾನಗಳು ಮಾತ್ರ ಬಣ್ಣವೇ ಇಲ್ಲದೆ ಬರೀ ಬೂದು ಪ್ಲಾಸ್ಟಿಕ್ಕಿನಲ್ಲಿ ನಿಂತಿದ್ದವು. ಇವುಗಳಿಗೆ ಯಾಕೆ ಬಣ್ಣ ಇಲ್ಲ ಎಂದು ಒಮ್ಮೆ ಕೇಳಿದೆ. "ಪುರುಸೊತ್ತಾಗಿಲ್ಲ ಮೇಡಮ್ಮಾರೆ" ಎಂದರು. ಆ ಮನೆಯಲ್ಲಿ ಪುರುಸೊತ್ತು ಬಿಟ್ಟು ಬೇರೇನೂ ಇರಲಿಲ್ಲ.

ಆ ಸಾಲಿನ ಕೊನೆಯಲ್ಲಿ ಒಂದು ಹಂಟರ್ ಮಾತ್ರ ಬಣ್ಣ ಹಚ್ಚಿಸಿಕೊಂಡು ನಿಂತಿತ್ತು.

ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುವ ದಿನಗಳಲ್ಲಿ ನಮ್ಮ ಕಡೆಯ ತಾರಸಿಗಳೆಲ್ಲ ತುಂಬಿಹೋಗುತ್ತವೆ. ಆ ಫೆಬ್ರವರಿಯಲ್ಲೂ ಅವರ ನೆಂಟರು ಬ್ಯಾಟರಾಯನಪುರದಿಂದ, ಹೆಬ್ಬಾಳದಿಂದ ಬಂದು ತಾರಸಿಯ ಮೇಲೆ ಜಮಖಾನ ಹಾಸಿ ಕೂತಿದ್ದರು. ಮಧ್ಯಾಹ್ನ ಊಟಕ್ಕೆಂದು ಎಲ್ಲ ಕೆಳಗಿಳಿದರು. ತಮ್ಮನ ಅಳಿಯ ಬೀರುವಿನ ಮುಂದೆ ಬಗ್ಗಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಜೋರಾಗಿ ನಕ್ಕ.

"ಮಾವ, ಇದೇನ್ ಉಲ್ಟಾ! ರೆಕ್ಕೆ ಮೇಲಿನ ಚಕ್ರ ನೋಡಿ. ಕೇಸರಿ ಹೊರಗಡೆ, ಹಸಿರು ಮಧ್ಯ ಬರ್ಬೇಕು. ನೀವು ಹಸಿರು ಹೊರಗೆ ಹಾಕಿದ್ದೀರಾ. ನಮ್ಮ ಏರ್‌ಫೋರ್ಸ್ ಗುರುತೇ ಗೊತ್ತಿಲ್ವಾ?"

ಎಲ್ಲರೂ ಬಂದು ನೋಡಿದರು. ಯಾರೋ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದರು. ಒಂದೊಂದೇ ಫೋನು ಕಿಣಿಗುಟ್ಟಿದ ಹಾಗೆಲ್ಲ ನಗು ಹರಡಿತು. ಇವರೂ ನಕ್ಕರು. "ವಯಸ್ಸಾಯ್ತಲ್ಲಪ್ಪ, ಕಣ್ಣು ಮಂಜು" ಎಂದರು. ನಾನು ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರ ಕೈ ಪಂಚೆಯ ಅಂಚನ್ನು ಹಿಂಡುತ್ತಿದ್ದುದು ನನಗೆ ಕಂಡಿತು.

ಮಾರನೆಯ ದಿನ ಅವರು ಕೊಟ್ಟಿದ್ದ ಸೀಬೆಹಣ್ಣಿನ ಪಾತ್ರೆ ವಾಪಸು ಮಾಡಲು ಹೋದೆ. ಬೀರುವಿನ ಗಾಜಿಗೆಲ್ಲ ಒಳಗಿನಿಂದ ದಿನಪತ್ರಿಕೆ ಅಂಟಿಸಿದ್ದರು. ಮೇಲೆ ಆಕಾಶ ಸೀಳುವ ಸದ್ದು. ಊರಿಗೆ ಊರೇ ತಲೆ ಎತ್ತಿ ನಿಂತಿದ್ದಾಗ ಅವರು ಆ ಹಂಟರ್ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮೇಡಮ್ಮಾರೆ, ನಿಜ ಏಳಿ. ಇದು ಉಲ್ಟಾ ಐತಾ?"

ನನಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ. ಆಮೇಲೆ ಅವರ ಕಣ್ಣು ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ.

"ಹೌದು, ಉಲ್ಟಾ ಇದೆ" ಎಂದೆ.

ಅವತ್ತು ಅವರು ಹೇಳಿದ್ದು ಇಷ್ಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ವಾಯುಪಡೆಗೆ ಸೇರಲು ಸೈಕಲ್ಲಿನಲ್ಲಿ ಹೋಗಿದ್ದರು. ಹೊಲದಲ್ಲಿ ಕಳೆ ಕೀಳುವಾಗ ತಲೆಯ ಮೇಲೆ ಹಾರುವ ವಿಮಾನಗಳನ್ನು ನೋಡಿಯೇ ಬೆಳೆದವರು. ಓಟದಲ್ಲಿ ಪಾಸು, ಬರೆಯುವುದರಲ್ಲಿ ಪಾಸು. ಕೊನೆಗೆ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದರು. ಮುಂದಿದ್ದವರೆಲ್ಲ ಚುಕ್ಕೆಗಳ ನಡುವೆ ಬೇರೆ ಬಣ್ಣದಲ್ಲಿ ಅಡಗಿದ್ದ ಅಂಕಿಯನ್ನು ಪಟಪಟ ಓದಿದರು. ಇವರಿಗೆ ಬರೀ ಚುಕ್ಕೆ ಕಂಡವು. "ಎಂಟು ಅಂದೆ. ಇನ್ನೊಂದು ಪುಟ ತಿರುವಿದ್ರು, ಮೂರು ಅಂದೆ. ಡಾಕ್ಟ್ರು ಪುಸ್ತಕ ಮುಚ್ಚಿ, ನೀನು ಮನೇಗೆ ಒರಡಪ್ಪ ಅಂದ್ರು."

ಹೆಬ್ಬಾಳದವರೆಗೆ ಸೈಕಲ್ ತಳ್ಳಿಕೊಂಡೇ ಬಂದರಂತೆ. ಮನೆಯಲ್ಲಿ ಅಪ್ಪ ಕೇಳಿದಾಗ ಬಾಯಿಗೆ ಬಂದದ್ದು ಸುಳ್ಳು: ಕೆಲಸ ಸಿಕ್ಕಿತ್ತು, ಆದರೆ ಹೊಲ ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಬೇಡ ಅಂದು ಬಂದೆ. ಅಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಸರ್ಕಾರಿ ಕೆಲಸವನ್ನು ಹೊಲಕ್ಕೋಸ್ಕರ ಬಿಟ್ಟ ಮಗ. ಅಲ್ಲಿಂದ ಐವತ್ತು ವರ್ಷ ಆ ಹೆಸರಿನಲ್ಲೇ ಬದುಕಿದ್ದರು.

ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬರಿಗೇ. ಮದುವೆಯಾದ ವಾರದಲ್ಲಿ ಹಣ್ಣಾದ ಟೊಮೆಟೊ ಕಿತ್ತು ತನ್ನಿ ಎಂದು ಕಳಿಸಿದರೆ ಇವರು ಅರ್ಧ ಕಾಯಿ ತಂದಿದ್ದರು. ಆಕೆ ಎರಡು ಸಲ ಪರೀಕ್ಷೆ ಮಾಡಿ ನೋಡಿ, ನಕ್ಕು, ಆಮೇಲೆ ಸಾಯುವವರೆಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ ವಿಮಾನದ ಪೆಟ್ಟಿಗೆಯ ಮುಂದೆ ಇವರು ನಿಂತುಬಿಟ್ಟಾಗ "ತಗೊಳ್ಳಿ, ಬಣ್ಣ ನಾನು ಏಳ್ತೀನಿ" ಅಂದವರೂ ಆಕೆಯೇ. ಹಳೆಯ ವಿಮಾನಗಳ ಮೈಮೇಲೆ ಹಸಿರು, ಮಣ್ಣಿನ ಬಣ್ಣ ಪಟ್ಟೆಪಟ್ಟೆಯಾಗಿ ಇರುತ್ತದಲ್ಲ. ಪೆಟ್ಟಿಗೆಯ ಚಿತ್ರ ನೋಡಿ ಆಕೆ ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಹಸಿರು ಬರುವಲ್ಲಿ "ಹ", ಮಣ್ಣು ಬರುವಲ್ಲಿ "ಮ" ಎಂದು ಬರೆದುಕೊಡುತ್ತಿದ್ದರು. ಬಣ್ಣದ ಸೀಸೆಗಳ ಮುಚ್ಚಳಕ್ಕೂ ಅದೇ ಅಕ್ಷರ. ಮೂವತ್ತು ವರ್ಷ ಹಾಗೆ ನಡೆಯಿತು.

"ಅವ್ಳು ತೀರ್ಕಂಡ್ಮೇಲೆ ಬಣ್ಣ ಮುಟ್ಲಿಲ್ಲ. ಒಂದ್ಸಲ ನೋಡೇ ಬಿಡೋಣ ಅಂತ ಇದೊಂದ್ಕೆ ನಾನೇ ಅಚ್ಚಿದೆ. ಸರಿಯಾಗೈತೆ ಅಂದ್ಕಂಡಿದ್ದೆ ಕಣವ್ವ."

ಮೇಡಮ್ಮಾರೆ ಹೋಗಿ "ಅವ್ವ" ಬಂದದ್ದು ಅವರಿಗೇ ತಿಳಿದಿರಲಿಕ್ಕಿಲ್ಲ.

"ನಾನು ಹೇಳ್ತೀನಿ ಬಣ್ಣ. ಭಾನುವಾರ ನಂಗೆ ರಜಾ" ಎಂದೆ. ಕರುಣೆಯಿಂದ ಅಂದದ್ದಲ್ಲ. ಭಾನುವಾರಗಳೆಂದರೆ ನನಗೆ ಆಗ ಭಯವಿತ್ತು. ಬಟ್ಟೆ ಒಗೆದು ಒಣಗಿಸಿದ ಮೇಲೆ ಉಳಿಯುವ ಆ ಉದ್ದನೆಯ ಹಗಲಿನಲ್ಲಿ ನನ್ನ ದನಿಯನ್ನೇ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಹೀಗೆ ಶುರುವಾಯಿತು. ಭಾನುವಾರ ಹತ್ತು ಗಂಟೆಗೆ ಅವರು ಬೀದಿಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚದಂತೆ ಒರಳುಕಲ್ಲಿನ ಗುಂಡು ಒತ್ತಿಡುತ್ತಿದ್ದರು. ನೋಡುವವರು ನನ್ನ ಬಗ್ಗೆ ಏನೂ ಅಂದುಕೊಳ್ಳಬಾರದೆಂದು. ಬೀರುವಿನ ಪತ್ರಿಕೆ ಕಿತ್ತರು. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದು ಅಕ್ಷರ ಬರೆಯುವುದು, ಅವರು ಬ್ರಷ್ಷು ಹಿಡಿಯುವುದು. ಗೆರೆಯ ಆಚೆ ಒಂದು ಕೂದಲೆಳೆಯಷ್ಟೂ ಬಣ್ಣ ದಾಟುತ್ತಿರಲಿಲ್ಲ. ಮುಗಿದ ಮೇಲೆ ನಾನು "ಚೆನ್ನಾಗಿದೆ" ಅಂದರೆ ಸಾಲದು. "ಎಂಗೈತೆ, ಅದೇಳು" ಅನ್ನುತ್ತಿದ್ದರು.

ಒಮ್ಮೆ ಆ ಹಸಿರು ನನಗೆ ಹೇಗೆ ಕಾಣುತ್ತದೆ ಎಂದು ಕೇಳಿದರು. ತಿಣುಕಿ, ಮಳೆಗಾಲದ ರಾಗಿ ಹೊಲದ ಹಾಗೆ ಎಂದೆ.

"ರಾಗಿ ಒಲಾನೂ ನಂಗೆ ಮಣ್ಣಿನ್ ಬಣ್ಣವೇ ಕಣವ್ವ" ಎಂದರು. "ಗಾಳಿ ಬಂದಾಗ ಅಲ್ಲಾಡಿದ್ರೆ ಪೈರು, ಇಲ್ದಿದ್ರೆ ಮಣ್ಣು. ಅಂಗೇ ನೋಡ್ಕಂಡು ಬೆಳೆ ತೆಗ್ದಿದ್ದೀನಿ."

ಇನ್ನೊಂದು ಭಾನುವಾರ, ಕೈಯಲ್ಲಿ ಸ್ಪಿಟ್‌ಫೈರ್ ಒಂದರ ರೆಕ್ಕೆ ಹಿಡಿದಿದ್ದವಳು ತಲೆ ಎತ್ತದೆ ಹೇಳಿದೆ. "ನಮ್ಮೆಜಮಾನ್ರು ದುಬೈನಲ್ಲಿಲ್ಲ. ಡೈವೋರ್ಸ್ ಆಗಿದೆ. ಇಲ್ಲಿಗೆ ಬರೋಕೆ ಮುಂಚೇನೇ."

"ಗೊತ್ತು."

"ಹೆಂಗೆ?"

"ಎರಡು ವರ್ಷದಿಂದ ದುಬೈನಿಂದ ಒಂದು ಫೋನು ಬಂದಿದ್ದು ಕೇಳಿಲ್ಲ."

"ಮತ್ತೆ ಕೇಳ್ಳೇ ಇಲ್ವಲ್ಲ ನೀವು?"

"ನೀನು ಏಳ್ಲಿಲ್ಲ" ಎಂದರು. ಬ್ರಷ್ಷನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು. ನಾನು ಸ್ವಲ್ಪ ಹೊತ್ತು ಅಳುತ್ತಿದ್ದೆ. ಅವರು ನೋಡಲಿಲ್ಲ, ಎದ್ದು ಹೋಗಲೂ ಇಲ್ಲ. ಒಂದು ರೆಕ್ಕೆ ಪೂರ್ತಿ ಬಣ್ಣ ಮಾಡಿ ಮುಗಿಸಿದರು.

ವರ್ಷ ತಿರುಗುವುದರೊಳಗೆ ಕೆಳಗಿನ ಸಾಲಿನ ವಿಮಾನಗಳೆಲ್ಲ ಬಣ್ಣ ಕಂಡವು. ಉಲ್ಟಾ ಗುರುತಿನ ಹಂಟರನ್ನು ಸರಿ ಮಾಡೋಣ ಎಂದರೆ ಒಪ್ಪಲಿಲ್ಲ. "ಅದು ನನ್ ಕಣ್ಣಿಗೆ ಕಂಡಂಗೆ ಮಾಡಿದ್ದು, ಇರ್ಲಿ ಬಿಡು."

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡೂಟ, ದಾಯಾದಿಗಳೆಲ್ಲ ಸೇರುತ್ತಾರೆ. ನನ್ನನ್ನೂ ಕರೆದಿದ್ದರು. ಎಲೆ ಹಾಕುವ ಹೊತ್ತಿಗೆ ಅದೇ ಅಳಿಯ ಬೀರುವಿನ ಕಡೆ ನೋಡಿ, "ಮಾವ, ಆ ಉಲ್ಟಾ ಪ್ಲೇನು ಇನ್ನೂ ಇಟ್ಟಿದ್ದೀರಲ್ಲ" ಎಂದ. ಅವನಿಗೆ ಅದೊಂದು ಹಳೆಯ ತಮಾಷೆ ಅಷ್ಟೇ. ಇವರು ಎಲೆಯ ಮುಂದಿನಿಂದ ಎದ್ದು ನಿಂತರು.

"ನಂಗೆ ಅಸ್ರು, ಕೇಸರಿ, ಮಣ್ಣು ಎಲ್ಲಾ ಒಂದೇ ಥರ ಕಾಣ್ತದೆ. ಉಟ್ಟಿದಾಗ್ಲಿಂದ್ಲೂ ಅಷ್ಟೇ. ಏರ್‌ಫೋರ್ಸ್‌ನೋರು ಅದ್ಕೇ ನನ್ನ ಬ್ಯಾಡ ಅಂದಿದ್ದು. ನಾನು ಕೆಲ್ಸ ಬಿಟ್ಟು ಬಂದಿದ್ದಲ್ಲ. ಸುಳ್ಳೇಳಿದ್ದೆ."

ಸಾರು ಬಡಿಸುತ್ತಿದ್ದ ಸೌಟು ನಿಂತಿತು. ಎಲ್ಲರಿಗಿಂತ ಮೊದಲು ಎದ್ದವರು ತಮ್ಮ. ಅವರ ಮುಖ ಬಿಳಿಚಿಕೊಂಡಿತ್ತು.

"ಅಪ್ಪ ಸಾಯೋಗಂಟ ನಂಗೇನಂತ ಬೈತಿದ್ರು ಗೊತ್ತಾ ನಿಂಗೆ? ಅಣ್ಣನ್ನ ನೋಡಿ ಕಲ್ತ್ಕೊ, ಸರ್ಕಾರಿ ಕೆಲ್ಸಾನೇ ಬಿಟ್ಟು ಬಂದವ್ನೆ ಅಂತ. ಮಿಲ್‌ನಲ್ಲಿ ಕೆಲ್ಸ ಸಿಕ್ಕಿದಾಗ ನನ್ನ ಕಳಿಸ್ಲಿಲ್ಲ. ನಿನ್ ಸುಳ್ಳಿಗೆ ನಾನೂ ಬಿದ್ದಿದ್ದೀನಲ್ಲೋ ಇಲ್ಲೇ!"

ಊಟ ಮಾಡದೆ ಹೊರಟುಹೋದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು.

ಆ ಮೇಲಿನ ತಿಂಗಳುಗಳು ಇವರಿಗೆ ಕಷ್ಟದವು. ಮಧ್ಯಾಹ್ನದ ಕ್ಯಾರಿಯರ್ ತಪ್ಪಲಿಲ್ಲ, ಆದರೆ ತಮ್ಮ ಈ ಕಡೆ ತಲೆ ಹಾಕಲಿಲ್ಲ. ಸಂಜೆ ಇವರು ಕಾಂಪೌಂಡ್ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಚೆ ತಮ್ಮನು ಮೊಮ್ಮಗಳ ಜೊತೆ ಆಡುವ ದನಿ ಕೇಳುತ್ತಿತ್ತು. ಭಾನುವಾರಗಳಲ್ಲಿ ನಾನು ಬಣ್ಣ ಹೇಳುತ್ತಿದ್ದುದು ಆ ಕಡೆಗೂ ಕೇಳಿದ್ದಿರಬೇಕು. ಒಂದು ಸಲ, ಹೇಳಿ ತಪ್ಪು ಮಾಡಿದಿರಾ ಎಂದು ಕೇಳಿದೆ.

"ಅವ್ನಿಗೆ ಕ್ವಾಪ ಮಾಡ್ಕಳಕ್ಕೆ ಅಕ್ಕು ಐತೆ" ಎಂದರು. "ಐವತ್ತು ವರ್ಷದ ಕ್ವಾಪ. ಎಳ್ಡು ಮೂರು ತಿಂಗಳಿಗೆ ಆರ್ತದಾ?"

ಆ ವಾರವೇ ನಾನು ಲ್ಯಾಬಿನಲ್ಲಿ, ಆಮೇಲೆ ನಮ್ಮ ಬೀದಿಯಲ್ಲಿ, ಕೇಳಿದವರಿಗೆಲ್ಲ ನನ್ನ ಡೈವೋರ್ಸಿನ ವಿಷಯವನ್ನು ಇದ್ದ ಹಾಗೆ ಹೇಳತೊಡಗಿದೆ. ಕೆಲವರು ಮಾತು ಬಿಟ್ಟರು. ತಡೆದುಕೊಂಡೆ. ಅವತ್ತು ಎಲೆಯ ಮುಂದೆ ಎದ್ದು ನಿಂತ ಅವರನ್ನು ನೋಡದೇ ಇದ್ದಿದ್ದರೆ ಇವತ್ತಿಗೂ ನನ್ನ ಗಂಡ ದುಬೈನಲ್ಲೇ ಇರುತ್ತಿದ್ದ.

ಆಷಾಢದ ಒಂದು ಬೆಳಿಗ್ಗೆ ಆರಕ್ಕೆ ಮೋಟರಿನ ಸದ್ದು ಕೇಳಲಿಲ್ಲ. ಆರೂವರೆಗೆ ಕೆಳಗಿಳಿದು ಹೋದೆ. ಅವರು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಕೈ ಹಿಡಿದು ನೋಡಿದೆ. ಲ್ಯಾಬಿನಲ್ಲಿ ದಿನವೂ ಎಷ್ಟೋ ಜನರ ಕೈ ಹಿಡಿಯುವ ನನಗೆ ಆ ಕೈಯನ್ನು ಬಿಡಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಕಾಂಪೌಂಡಿನ ಆಚೆ ಹೋಗಿ ಅವರ ತಮ್ಮನನ್ನು ಎಬ್ಬಿಸಿದೆ. ಅವರು ಚಪ್ಪಲಿ ಹಾಕಿಕೊಳ್ಳದೆ ಓಡಿಬಂದರು.

ಹತ್ತರ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಬಾಯಿಗೆ ಹಾಲು ಬಿಡಲು ಮನೆಯವರು ಸಾಲು ಹಿಡಿದಿದ್ದರು. ನಾನು ಮೆಟ್ಟಿಲ ಹತ್ತಿರ, ಬಾಡಿಗೆಯವರ ಜೊತೆ ನಿಂತಿದ್ದೆ. ಕೊನೆಗೆ ಧೈರ್ಯ ಮಾಡಿ ಸಾಲಿನ ತುದಿಗೆ ಹೋಗಿ ನಿಂತೆ. ಹಾಲಿನ ಬಟ್ಟಲು ಹಿಡಿದಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀನ್ಯಾರವ್ವ? ಮನೆಯೋರಿಗೆ ಮಾತ್ರ ಇದು."

ನಾನು ಬಾಡಿಗೆಯವಳು ಎಂದು ಹೇಳಿ ಹಿಂದೆ ಸರಿಯುವಷ್ಟರಲ್ಲಿ, ಅಣ್ಣನ ತಲೆಯ ಬಳಿ ಕೂತಿದ್ದ ತಮ್ಮ ತಲೆ ಎತ್ತದೆಯೇ ಹೇಳಿದರು.

"ಬಿಡು ಅತ್ತೆ, ಬರ್ಲಿ. ನಮ್ಮಣ್ಣಂಗೆ ಬಣ್ಣ ಏಳ್ತಿದ್ದೋರು ಅವ್ರು."

ಆ ಹೆಂಗಸು ಬಟ್ಟಲನ್ನು ನನ್ನ ಕೈಗೆ ಕೊಟ್ಟರು.