ಟವೆಲ್ ಹಾಕುವ ಮಾತ್ರೆ

ಇವತ್ತು ಬೆಳಿಗ್ಗೆ ಶೆಡ್ಡಿನ ಧೂಳು ಹೊಡೆಯುವಾಗ ಮಗ್ಗದ ಮೇಲಿನ ತೊಲೆಯಿಂದ ಒಂದು ತಾಳೆಗರಿಯ ಬೀಸಣಿಗೆ ಕೈಗೆ ಬಿತ್ತು. ಅಂಚಿಗೆ ಹೊಲಿದ ಬಟ್ಟೆ ಹರಿದಿದೆ, ಹಿಡಿಯಲ್ಲಿ ಮಗ್ಗದ ಎಣ್ಣೆಯ ವಾಸನೆ ಇನ್ನೂ ಇದೆ. ನನ್ನ ಅಂಗಿಯ ಜೇಬಿನಲ್ಲಿ ಮೂರು ದಿನದಿಂದ ಡಾಕ್ಟರ ಚೀಟಿ ಮಡಚಿಕೊಂಡು ಕೂತಿತ್ತು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಗಂಡಸಿನ ಹಾರ್ಮೋನನ್ನು ತಡೆಯುವ ಮಾತ್ರೆ ಮೊದಲು, ಆಮೇಲೆ ಸೂಜಿ. ಮಾತ್ರೆ ತಂದಿರಲಿಲ್ಲ, ಮನೆಯಲ್ಲಿ ಹೇಳಿರಲೂ ಇಲ್ಲ. ಬೆವರು ಸುರಿಸಿ ಬೆಳೆಸಿಕೊಂಡ ಗಂಡಸುತನವನ್ನು ಒಂದು ಸೂಜಿಗೆ ಒಪ್ಪಿಸುವುದೆಂದರೆ, ನೀವೇ ಹೇಳಿ, ಸುಲಭವೇ?

ಬೀಸಣಿಗೆ ಬಷೀರ್ ಭಾಯಿಯದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಕೆಲಸ ಕಲಿಸಿದವರು. ನಾನು ಸ್ವಂತ ಮಗ್ಗ ಹಾಕಿದ ಮೇಲೆ ನನ್ನ ಜೊತೆಗೇ ಬಂದವರು. ದಪ್ಪ ಮೀಸೆ, ಗಟ್ಟಿ ಗಂಟಲು. ನೂಲು ಸುತ್ತಿದ ಉದ್ದನೆ ಉರುಳೆ, ಬೀಮು, ಇಬ್ಬರು ಹೊರುವ ಭಾರ. ಅವರು ಒಬ್ಬರೇ ಎತ್ತಿ ಮಗ್ಗಕ್ಕೆ ಕೂರಿಸುತ್ತಿದ್ದರು. ಅದನ್ನು ನೋಡಿಯೇ ನಾನೂ ಒಬ್ಬನೇ ಎತ್ತುವುದನ್ನು ಕಲಿತೆ. ಸೊಂಟ ಉಳುಕಿದ್ದನ್ನು ಯಾರಿಗೂ ಹೇಳಲಿಲ್ಲ, ಅದು ಬೇರೆ ಮಾತು.

ಇದೇ ಕಾಯಿಲೆ ಅವರಿಗೆ ಬಂದು ಮೂಳೆಗೂ ಇಳಿದಾಗ ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಈ ಗಡ್ಡೆಗೆ ಗಂಡಸಿನ ಹಾರ್ಮೋನೇ ಊಟ. ಸೂಜಿ ಅದು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಮಾತ್ರೆಯಾದರೆ, ಹಾರ್ಮೋನು ಹೋಗಿ ಕೂರುವ ಜಾಗದಲ್ಲಿ ತಾನು ಮೊದಲೇ ಕೂತುಬಿಡುತ್ತದೆ.

“ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿದಂಗೆ ಅನ್ನಿ,” ಎಂದರು ಭಾಯಿ. ಡಾಕ್ಟರಮ್ಮ ನಕ್ಕುಬಿಟ್ಟರು.

ಸೂಜಿ ಹಾಕಿಸಿಕೊಂಡ ಮಾರನೇ ದಿನವೇ ಭಾಯಿ ಮಾತ್ರೆ ಬಿಟ್ಟರು.

“ಎರಡನೇ ಪಾಳಿಯವನು ಬಂದ್ಮೇಲೆ ಮೊದಲನೇ ಪಾಳಿಯವನು ಮನೆಗೆ ಹೋಗ್ಬೇಕಲ್ವೇನಪ್ಪಾ? ಸೂಜಿ ಬಂತು, ಮಾತ್ರೆಗೆ ರಜಾ.”

“ಸರಿಯಾಗಿ ಹೇಳಿದ್ರಿ ಭಾಯ್,” ಎಂದೆ. ಡಾಕ್ಟರಮ್ಮ ವರ್ಷಗಟ್ಟಲೆ ಓದಿದ್ದನ್ನು ನಾನು ಐದನೇ ಕ್ಲಾಸಿನ ಧೈರ್ಯದಲ್ಲಿ ರದ್ದು ಮಾಡಿದೆ.

ವಾರದೊಳಗೆ ಅವರ ಸೊಂಟದ ನೋವು ಎಷ್ಟು ಏರಿತೆಂದರೆ, ಗೋಡೆ ಹಿಡಿಯದೆ ನಿಲ್ಲಲಾರದೆ ಹೋದರು. ಮತ್ತೆ ಆಸ್ಪತ್ರೆಗೆ ಓಡಿದೆವು. ಆ ಸೂಜಿ ಮೊದಲ ಒಂದೆರಡು ವಾರ ಹಾರ್ಮೋನನ್ನು ಏರಿಸಿಯೇ ಆಮೇಲೆ ಇಳಿಸುವುದಂತೆ. ಆ ಏರುವ ದಿನಗಳಲ್ಲಿ ಸೀಟು ಕಾಯಲಿಕ್ಕೆಂದೇ ಮಾತ್ರೆ. ವಾಪಸು ಬರುವಾಗ ಆಟೋದಲ್ಲಿ ಭಾಯಿ ಮೆಲ್ಲಗೆ ಹೇಳಿದರು: “ನಿಂಗೆ ಮಗ್ಗ ಒಪ್ಪಿಸಿದಾಗ ಹದಿನೈದು ದಿನ ಪಕ್ಕದಲ್ಲೇ ನಿಂತಿದ್ದೆ ಕಣೋ. ನನ್ ಮೈನ ಸೂಜಿಗೆ ಒಪ್ಪಿಸೋವಾಗ ಅದು ಹೊಳೀಲಿಲ್ಲ ನೋಡು.”

ಆಮೇಲೆ ಹೇಳಿದಷ್ಟು ದಿನ ಮಾತ್ರೆ ತಪ್ಪಿಸಲಿಲ್ಲ. ನೋವು ಇಳಿಯಿತು. ಆದರೆ ಹಾರ್ಮೋನು ಇಳಿದ ಮೇಲೆ ಮೈಗೆ ಇದ್ದಕ್ಕಿದ್ದಂತೆ ಬಿಸಿ ಏರುತ್ತಿತ್ತು. ಸಂಕ್ರಾಂತಿಯ ಚಳಿಗೆ ನಾವು ಸ್ವೆಟರ್ ಹಾಕಿ ನಿಂತಿದ್ದರೆ ಅವರು ಬೀಸಣಿಗೆ ಹಿಡಿದು ಬೀಸಿಕೊಳ್ಳುತ್ತಿದ್ದರು.

“ಏನ್ ಭಾಯ್, ನಮ್ಮತ್ತೆಗೆ ಮುಟ್ಟು ನಿಂತಾಗ ಹಿಂಗೇ ಆಗ್ತಿತ್ತು!” ಎಂದೆ ಒಮ್ಮೆ. ಆ ಮಾತಿಗೆ ಇವತ್ತೂ ನಾಚುತ್ತೇನೆ.

ಅವರು ಸಿಟ್ಟಾಗಲಿಲ್ಲ. ಬೀಸುತ್ತಿದ್ದ ಕೈ ಮಾತ್ರ ನಿಂತಿತು. “ನಮ್ ಬೀವಿಗೂ ಆಗಿತ್ತು ಕಣೋ. ಒಂದಿನಾನೂ ಬೀಸಿಕೊಡ್ಲಿಲ್ಲ ನಾನು.”

ಇನ್ನೊಂದು ದಿನ ಬೀಮು ಎತ್ತಲು ಬಗ್ಗಿದವರು ಹಾಗೇ ನಿಂತರು. ತೋಳಿನ ಮಾಂಸ ಇಳಿದಿತ್ತು. ಮೀಸೆ ಹಾಗೇ ಇತ್ತು, ಗಂಟಲೂ ಹಾಗೇ ಇತ್ತು. ಅದೇ ಗಂಟಲಲ್ಲಿ, ಮಗ್ಗಗಳ ಸದ್ದನ್ನೂ ಮೀರಿ ಕೂಗಿದರು: “ಲೇ, ಬಾರೋ, ಇನ್ನೊಂದ್ ಕಡೆ ಹಿಡ್ಕೋ!” ಅವರು ಹಾಗೆ ಯಾರನ್ನಾದರೂ ಕರೆದದ್ದು ಅದೇ ಮೊದಲು. ಹೋಗಿ ಹಿಡಿದೆ. ಅವರು ಇರುವವರೆಗೆ, ಇನ್ನೂ ನಾಲ್ಕು ವರ್ಷ, ಹಿಡಿಯುತ್ತಲೇ ಇದ್ದೆ.

ಬೀಸಣಿಗೆಯ ಧೂಳು ಕೊಡವಿದೆ. ಬಾಗಿಲ ಬಳಿ ಹೊಸ ಬೀಮು ಬಿದ್ದಿತ್ತು. ಹೆಂಡತಿ ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ಚೀಟಿಯನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದೆ. ಅವಳು ನೂಲು ಬದಿಗಿಟ್ಟು ಚೀಟಿಯ ಮಡಿಕೆ ಬಿಡಿಸಿದಳು.

“ಮೂರು ದಿನ ಜೇಬಲ್ಲಿ ಇಟ್ಕೊಂಡಿದ್ರಾ ಇದನ್ನ? ಏಳಿ, ಮೊದ್ಲು ಮಾತ್ರೆ ತರೋಣ.”

“ಹೋಗೋಣ. ಅದಕ್ಕೂ ಮುಂಚೆ ಬಾ, ಈ ಬೀಮು ಇನ್ನೊಂದ್ ಕಡೆ ಹಿಡ್ಕೋ.”

“ಮೂವತ್ತು ವರ್ಷದಿಂದ ಕೇಳ್ತಾನೇ ಇದ್ದೀನಿ, ಹಿಡೀಲಾ ಅಂತ,” ಎನ್ನುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು.