ಗಡಿಗೆ ತೊಳೆದ ತಪ್ಪಿಗೆ

ಇಂದು ಬೆಳಿಗ್ಗೆ ಹಾಲು ಕಾಯಿಸಿದೆ, ದೇವರಿಗೆ ಹೂ ಕೊಯ್ದೆ, ನಿನ್ನೆಯ ಬಟ್ಟೆ ಮಡಿಸಿಟ್ಟೆ, ಅಕ್ಕಿ ರುಬ್ಬಿ ಕಬ್ಬಿನ ಹಾಲು ಬೆರೆಸಿದೆ, ತೊಡದೇವಿನ ಗಡಿಗೆಯನ್ನು ಸಾಬೂನು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಈ ಕೊನೆಯ ಕೆಲಸವನ್ನು ಓದಿ ನಮ್ಮ ಶಿರಸಿ ಸೀಮೆಯ ಗೃಹಿಣಿಯರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತಾರೆ; ಉಳಿದವರಿಗಾಗಿ ಹೇಳುತ್ತೇನೆ. ಒಲೆಯ ಮೇಲೆ ಗಡಿಗೆಯನ್ನು ಬೋರಲು ಹಾಕಿ, ಅದರ ಕಾದ ಬೆನ್ನಿನ ಮೇಲೆ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಮ್ಮೆ ಎಳೆದರೆ, ಕಾಗದಕ್ಕಿಂತ ತೆಳುವಾದ ಸಿಹಿ ಹಾಳೆ, ಅದೇ ತೊಡದೇವು, ತಾನಾಗಿ ಎದ್ದು ಬರಬೇಕು. ಬರುವುದು ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಗಡಿಗೆಯಿಂದ ಮಾತ್ರ. ಅದನ್ನು ಒರೆಸಬಹುದು, ತೊಳೆಯುವಂತಿಲ್ಲ.

ತೊಳೆದದ್ದು ಸಾವಿತ್ರಿಗಾಗಿ. ಸಿದ್ದಾಪುರದ ಮನ್ಮನೆ ಊರಿಗೆ ಕೊಟ್ಟ ನನ್ನ ನಾದಿನಿ. ಎಡಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯನ್ನೂ ಕೀಮೋವನ್ನೂ ಮುಗಿಸಿ ನಮ್ಮಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಳೆ. ಶುಚಿತ್ವ ಮುಖ್ಯವೆಂದು ಆಸ್ಪತ್ರೆಯವರು ಆಡಿದ ಒಂದು ಮಾತನ್ನು ವ್ರತವಾಗಿ ಸ್ವೀಕರಿಸಿದ ನಾನು ಬಾಗಿಲ ಚಿಲಕವನ್ನೂ ತೊಳೆಯದೆ ಬಿಟ್ಟವಳಲ್ಲ. ಅವಳ ಕೈಗೆ ಸೌಟು ಕೊಟ್ಟವಳೂ ಅಲ್ಲ. ಇಂದು ಮಧ್ಯಾಹ್ನ ಸ್ಕ್ಯಾನಿನ ವರದಿ ಫೋನಿನಲ್ಲಿ ತಿಳಿಯಬೇಕಿತ್ತು: ರೋಗ ಮತ್ತೆಲ್ಲಾದರೂ ಹೋಗಿ ಕೂತಿದೆಯೋ, ಇಲ್ಲವೋ. ಕಾಯುವ ಹೊತ್ತಿಗೆ ಕೈಗೊಂದು ಕೆಲಸವಿರಲೆಂದು ಈ ತೊಡದೇವು.

ಮೊದಲನೆಯ ಹಾಳೆ ಗಡಿಗೆಯನ್ನು ಅಪ್ಪಿಕೊಂಡು ಬಿಡಲೊಲ್ಲೆನೆಂದಿತು. ಎರಡನೆಯದು ಚೂರುಚೂರು.

"ಅತ್ಗೆ, ಗಡಿಗೆ ತೊಳದ್ಯ?" ಸಾವಿತ್ರಿ ಕೇಳಿದಳು. "ಸಾಬೂನು ಹಾಕಿ?"

ನಾನು ಹಿಟ್ಟು ಕದಡುವುದರಲ್ಲಿ ಮಗ್ನಳಾದೆ.

"ಅಯ್ಯೋ ಮಾರಾಯ್ತಿ, ಆಯಿ ಕಾಲದ ಎಣ್ಣೆ ಹೋತಲೇ!" ಎಂದು ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಯಲ್ಲಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ಯಜಮಾನರಿಗೆ, ರಜೆ ಹಾಕಿದ ದಿನ ಅಡುಗೆಮನೆಯೇ ತರಗತಿ. ತಂಗಿಯ ನಗು ಕೇಳಿ ಬಂದವರು ಅಂಟಿಕೊಂಡ ಹಿಟ್ಟನ್ನು ಕಂಡು ಪಾಠ ಶುರುಮಾಡಿಯೇಬಿಟ್ಟರು. ಜೀವಕೋಶಗಳ ಮೈಮೇಲೆ ಅಂಟಿನಂಥ ಪ್ರೋಟೀನುಗಳಿರುತ್ತವಂತೆ. ಒಂದು ಬಗೆಯದು ನೆರೆಯ ಕೋಶದ ಕೈ ಹಿಡಿಯುತ್ತದೆ, ಇನ್ನೊಂದು ಕೂತ ನೆಲವನ್ನು. ಕ್ಯಾನ್ಸರಿನ ಕೋಶ ಎಷ್ಟೋ ಸಲ ನೆರೆಯವರ ಕೈ ಬಿಟ್ಟು, ಎರಡನೆಯ ಅಂಟನ್ನೇ ಊರುಗೋಲಾಗಿಸಿಕೊಂಡು ಸರಿಯುತ್ತದೆ. ರಕ್ತದ ಹಾದಿ ಹಿಡಿದು ಎಲುಬಿಗೋ ಶ್ವಾಸಕೋಶಕ್ಕೋ ತಲುಪಿ, ಅಲ್ಲಿ ಅಂಟಿ ಸಂಸಾರ ಹೂಡುತ್ತದೆ.

"ಹಾಂಗಾರೆ ಇವ್ಳಿಗೂ ಎಣ್ಣೆ ತಿಕ್ಕಿದ್ರೆ?" ಎಂದೆ, ಸುಮ್ಮನಿರಲಾರದೆ.

"ಎಣ್ಣೆಗೆ ಬಗ್ಗೂ ಅಂಟಲ್ಲ ಅದು," ಎಂದರು ಗಂಭೀರವಾಗಿ.

ಸಾವಿತ್ರಿ ಗಡಿಗೆಯನ್ನೇ ನೋಡುತ್ತಿದ್ದಳು. "ಒಳ್ಳೆ ಹಿಟ್ಟು ತಂತಮ್ಮಲ್ಲಿ ಹಿಡ್ಕತ್ತು, ಗಡಿಗೆ ಬಿಡ್ತು. ಇದು ತಂತಮ್ಮಲ್ಲಿ ಬಿಟ್ಟು ಗಡಿಗೆ ಹಿಡ್ಕತ್ತು. ಅಷ್ಟೇ ಅಲ್ದನ ಅಣ್ಣಾ?"

ಇಷ್ಟು ವರ್ಷ ಎರಡು ತಾಸು ಹೇಳುತ್ತಿದ್ದ ಪಾಠ ಹೀಗೆ ಅಂಗೈಯಗಲವಾದದ್ದನ್ನು ಕಂಡು ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಂಡರು.

"ಕೊಡು ಇತ್ಲಾಗೆ ಬಟ್ಟೆ," ಎಂದಳು ನನಗೆ.

"ಬೇಡ್ದೇ, ಕೈ ನೋವಾಗ್ತು."

"ಬಲಗೈಗೆ ಎಂತ ಆಜು? ಮೂರು ತಿಂಗ್ಳಿಂದ ನೀನೂ ಹೀಂಗೇ ಅಂಟ್ಕಂಡಿದ್ದೆ. ರಾಶಿ ಉಪಕಾರ ಆತು, ಈಗ ಸ್ವಲ್ಪ ಬಿಡು!"

ಮುಖ ಊದಿಸಿಕೊಂಡೇ ಕೊಟ್ಟೆ. ಅವಳು ಗಡಿಗೆಗೆ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ, ಏಳನೆಯ ಹಾಳೆಯನ್ನು ಒಂದೇ ಉಸಿರಿನಲ್ಲಿ ಎಬ್ಬಿಸಿದಳು. ಫೋನು ಬಂದದ್ದು ಆಗಲೇ. ಯಜಮಾನರು ಹೂಂಗುಟ್ಟುತ್ತ ಕೇಳಿ, ಕೆಳಗಿಟ್ಟು, "ಬೇರೆಲ್ಲೂ ಕಾಣ್ತಾ ಇಲ್ಲೆ," ಎಂದರು, ಆಮೇಲೆ ಆಸ್ಪತ್ರೆಯವರ ಸೂಚನೆ ಸೇರಿಸಿದರು, "ಆರು ತಿಂಗ್ಳು ಬಿಟ್ಟು ಮತ್ತೆ ನೋಡವಡ."

ಸಾವಿತ್ರಿ, ತಣಿದರೆ ಮುರಿಯುತ್ತದೆಂದು ಬಿಸಿಹಾಳೆಯನ್ನು ತುಪ್ಪ ಸವರಿ ಮಡಚಿಟ್ಟು, ಮುಂದಿನದನ್ನು ಎಳೆದಳು. ಅದು ನಡುವೆಯೇ ಹರಿಯಿತು. "ಇದು ಗಡಿಗೆ ತಪ್ಪಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಾತ್ರಿ ಅನ್ನ, ಒಂದೆಲಗದ ತಂಬುಳಿ, ಮತ್ತು ಚೂರುಗಳೂ ಸೇರಿದಂತೆ ಅಷ್ಟೂ ತೊಡದೇವು. ಗಡಿಗೆಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿಟ್ಟೆ. ಇಷ್ಟು ದಿನ ಎಲ್ಲರಿಗಿಂತ ಕಡೆಗೆ ಕಣ್ಣು ಮುಚ್ಚುತ್ತಿದ್ದ ಸಾವಿತ್ರಿ ಇಂದು ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಅವಳ ಹೊದಿಕೆ ಸರಿಪಡಿಸಲು ನಾನು ಎದ್ದು ಹೋಗಲಿಲ್ಲ.